ಐರಿಷ್ ಕುಣಿತದ ಮಟ್ಟೊಂದರ ಹೆಸರು, ಮೂಲ ಹುಡುಕುವುದು ಹೇಗೆ?

ಐರ್ಲೆಂಡಿನ ಸಂಗೀತದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಈ ಮಟ್ಟಿನ ಹೆಸರೇನು, ಇದು ಎಲ್ಲಿಂದ ಬಂತು? ಕೇಳುವವರಲ್ಲಿ ಕೆಲವರು ಡಬ್ಲಿನ್, ಕಾರ್ಕ್‌ಗಳಲ್ಲಿ ನೆಲೆಸಿ ಅಲ್ಲಿನ ಪಿಟೀಲು, ಕೊಳಲು ಕೇಳಿ ಮನಸೋತವರು. ಇನ್ನು ಕೆಲವರು ಕರ್ನಾಟಕ ಸಂಗೀತದ ವಿದ್ಯಾರ್ಥಿಗಳು. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ, ಅಂದರೆ ಪಾಶ್ಚಾತ್ಯ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿದ ರಚನೆಗಳನ್ನು ಕಲಿಯುವಾಗ ‘ವಂದೇ ಮೀನಾಕ್ಷಿ’ಯ ಮಟ್ಟು ಐರಿಷ್ ಮೂಲದ್ದೆಂದು ಗುರುಗಳು ಹೇಳಿದ್ದನ್ನು ಕೇಳಿ, ಅದು ನಿಜವೇ, ತಿಳಿಯುವ ಬಗೆ ಹೇಗೆ ಎನ್ನುವವರು.

ನಿಜ. ‘ವಂದೇ ಮೀನಾಕ್ಷಿ’ಯ ಮಟ್ಟು ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಮ್ಯಾಲೋ ಊರಿನ ಹೆಸರು ಹೊತ್ತ ‘ದ ರೇಕ್ಸ್ ಆಫ್ ಮ್ಯಾಲೋ’. ಮ್ಯಾಲೋ 18ನೇ ಶತಮಾನದಲ್ಲಿ ಔಷಧೀಯ ನೀರಿನ ಬುಗ್ಗೆಗೆ ಹೆಸರಾಗಿದ್ದ ಊರು. ಅಲ್ಲಿ ಮಜಾ ಮಾಡಲು ಬರುತ್ತಿದ್ದ ಸಿರಿವಂತ ಯುವಕರ ಹಾಡು ಅದು. ಈ ಲೇಖನದುದ್ದಕ್ಕೂ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನಿಮ್ಮ ಮಟ್ಟು ಬೇರೆಯದಾದರೂ ಹಾದಿ ಇದೇ.

ಆರಂಭಿಸುವ ಮೊದಲು ಒಂದು ಮಾತು. ದಾಸರ ಪದದ ಕೊನೆಯಲ್ಲಿ ಅಂಕಿತ ಇರುತ್ತದೆ, ಕರ್ತೃ ಯಾರೆಂದು ಅದೇ ಹೇಳುತ್ತದೆ. ಐರಿಷ್ ಕುಣಿತದ ಮಟ್ಟಿಗೆ ಅಂಕಿತವಿಲ್ಲ. ಹೆಸರು ಇದ್ದರೂ ಅದು ಮಟ್ಟಿಗೆ ಅಂಟಿಕೊಂಡ ಚೀಟಿಯಷ್ಟೇ. ಊರು ಬದಲಾದಂತೆ, ನುಡಿಸುವವರು ಬದಲಾದಂತೆ ಚೀಟಿ ಬದಲಾಗುತ್ತದೆ. ಆದ್ದರಿಂದ ಹುಡುಕಾಟ ಸ್ವರಗಳಿಂದ ಶುರುವಾಗಬೇಕು, ಹೆಸರಿನಿಂದ ಅಲ್ಲ. ಹೆಸರು ಹಿಡಿದು ಹೊರಟವರು ಬೇರೆಯದೇ ಮಟ್ಟಿನ ಚರಿತ್ರೆ ಬರೆದು ಮುಗಿಸುವುದು ಬಹಳ ಸಲ ಆಗುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಮೊಬೈಲ್‌ನಲ್ಲಿ ಮಟ್ಟಿನ ಧ್ವನಿಮುದ್ರಣ, ವೇಗ ತಗ್ಗಿಸಿ ಕೇಳಿಸುವ ಯಾವುದಾದರೂ ಆ್ಯಪ್, ಒಂದು ನೋಟ್‌ಬುಕ್, ಇಂಟರ್ನೆಟ್. ಸ್ಟಾಫ್ ನೊಟೇಷನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಲು ಬಂದರೆ ಒಳ್ಳೆಯದು, ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ. ಸರಿಗಮ ಗೊತ್ತಿದ್ದರೆ ನೀವು ಅರ್ಧ ದಾರಿ ದಾಟಿದಂತೆಯೇ.

1. ಮೊದಲು ಮಟ್ಟನ್ನು ಬೇರ್ಪಡಿಸಿ

ಐರಿಷ್ ವಾದಕರು ಒಂದೇ ಮಟ್ಟು ನುಡಿಸಿ ನಿಲ್ಲಿಸುವುದು ಅಪರೂಪ. ಎರಡು ಮೂರು ಮಟ್ಟುಗಳನ್ನು ನಡುವೆ ಬಿಡುವಿಲ್ಲದೆ ಪೋಣಿಸುತ್ತಾರೆ, ಇದಕ್ಕೆ ‘ಸೆಟ್’ ಎನ್ನುತ್ತಾರೆ. ಒಂದೊಂದು ಮಟ್ಟನ್ನೂ ಎರಡು ಅಥವಾ ಮೂರು ಸಲ ನುಡಿಸಿ ಮುಂದಿನದಕ್ಕೆ ಹೊರಳುತ್ತಾರೆ. ನಿಮ್ಮ ಧ್ವನಿಮುದ್ರಣದಲ್ಲಿ ಆ ಹೊರಳುವ ಜಾಗ ಯಾವುದು ಎಂದು ಮೊದಲು ಗುರುತಿಸಿ.

ಸಾಮಾನ್ಯ ರಚನೆ ಹೀಗಿರುತ್ತದೆ: ಎರಡು ಭಾಗಗಳು, ಪ್ರತಿ ಭಾಗದಲ್ಲಿ 8 ಬಾರ್, ಪ್ರತಿ ಭಾಗವೂ ಎರಡು ಸಲ, ಒಟ್ಟು 32 ಬಾರ್. ಬಾರ್ ಎಂದರೆ ತಾಳದ ಒಂದು ಸುತ್ತು ಎಂದುಕೊಳ್ಳಿ. ಎರಡನೆಯ ಭಾಗ ಹೆಚ್ಚಾಗಿ ಮೇಲಿನ ಸ್ವರಗಳಲ್ಲಿ ಸಾಗುತ್ತದೆ. ಇದು ಗೊತ್ತಿಲ್ಲದಿದ್ದರೆ ಮೊದಲ ಮಟ್ಟಿನ ಎರಡನೆಯ ಭಾಗವನ್ನೇ ಹೊಸ ಮಟ್ಟೆಂದು ತಿಳಿಯುವ ಅಪಾಯವಿದೆ.

2. ತಾಳ ನೋಡಿ ಬಗೆ ಗುರುತಿಸಿ

ರೀಲ್ ಎಂದರೆ ನಾಲ್ಕರ ನಡೆಯ ವೇಗದ ಕುಣಿತ. ಜಿಗ್ ಮೂರರ ಗುಂಪುಗಳಲ್ಲಿ ಸಾಗುತ್ತದೆ: ಒಂದು ಬಾರ್‌ನಲ್ಲಿ ಎರಡು ಗುಂಪಾದರೆ ಜಿಗ್, ಮೂರಾದರೆ ಸ್ಲಿಪ್ ಜಿಗ್. ತಿಶ್ರ ನಡೆ ಹಾಕಿ ಅಭ್ಯಾಸವಿದ್ದವರಿಗೆ ತಕ್ಷಣ ಕಿವಿಗೆ ಬೀಳುತ್ತದೆ. ಹಾರ್ನ್‌ಪೈಪ್ ರೀಲಿನಂತೆಯೇ ನಾಲ್ಕರದು, ಆದರೆ ನಿಧಾನ, ಎಳೆದು ಬಿಟ್ಟಂತಹ ನಡಿಗೆ. ಪೋಲ್ಕಾ ಎರಡರ ಚುರುಕು ನಡೆ. ಸ್ಲೈಡ್ ಎಂಬುದು ಜಿಗ್‌ಗೆ ಹತ್ತಿರದ, ಇನ್ನೂ ಓಡುವ ಬಗೆ. ಪೋಲ್ಕಾ ಮತ್ತು ಸ್ಲೈಡ್ ಕೇಳಿದರೆ ಕಾರ್ಕ್–ಕೆರಿ ಗಡಿಯ ಸ್ಲೀವ್ ಲೂಕ್ರ ಪ್ರದೇಶದ ಕಡೆಗೊಮ್ಮೆ ಗಮನ ಕೊಡಿ, ಐರ್ಲೆಂಡಿನಲ್ಲಿ ಅವುಗಳ ತವರು ಅದೇ.

ಬಗೆ ತಪ್ಪಿದರೆ ಹುಡುಕಾಟದ ಫಲಿತಾಂಶವೂ ತಪ್ಪುತ್ತದೆ. ಆದರೂ ಇಲ್ಲಿ ಹಟ ಬೇಡ. ಒಂದೇ ಮಟ್ಟು ಒಂದು ಕಡೆ ರೀಲ್, ಇನ್ನೊಂದು ಕಡೆ ಪೋಲ್ಕಾ, ಮತ್ತೊಂದು ಕಡೆ ಸೈನಿಕರ ಮಾರ್ಚ್ ಆಗಿರುತ್ತದೆ. ‘ರೇಕ್ಸ್ ಆಫ್ ಮ್ಯಾಲೋ’ ಈ ಮೂರೂ ವೇಷಗಳಲ್ಲಿ ಸಿಗುತ್ತದೆ.

3. ಮೊದಲ ಎರಡು ಬಾರ್‌ಗಳ ಸ್ವರ ಬರೆಯಿರಿ

ಇಡೀ ಮಟ್ಟು ಬರೆಯುವ ಅಗತ್ಯವಿಲ್ಲ. ಆಧಾರ ಸ್ವರ ಅಂದರೆ ಷಡ್ಜ ಯಾವುದೆಂದು ಕಂಡುಕೊಂಡು, ಆರಂಭದ ಎರಡು ಬಾರ್‌ಗಳನ್ನು ಸರಿಗಮದಲ್ಲಿ ಬರೆದುಕೊಳ್ಳಿ. ‘ರೇಕ್ಸ್ ಆಫ್ ಮ್ಯಾಲೋ’ ತೆರೆದುಕೊಳ್ಳುವುದು ಸ-ಗ-ಸ-ಗ ಎಂದು, ಷಡ್ಜ ಗಾಂಧಾರಗಳ ನಡುವೆ ಜೀಕಿಕೊಂಡು. ಆಮೇಲೆ ಅದೇ ಜೀಕು ಒಂದು ಮೆಟ್ಟಿಲು ಕೆಳಗಿಳಿದು ನಿ-ರಿ-ನಿ-ರಿ ಆಗುತ್ತದೆ. ಈ ಒಂದು ಗುರುತು ಸಾಕು. ‘ವಂದೇ ಮೀನಾಕ್ಷಿ’ಯ ಆರಂಭವನ್ನು ಪಕ್ಕದಲ್ಲಿಟ್ಟು ಹಾಡಿಕೊಳ್ಳಿ, ಹೆಸರು, ಭಾಷೆ, ದೇವತೆ ಎಲ್ಲ ಬದಲಾಗಿದ್ದರೂ ಎಲುಬು ಅದೇ ಎಂಬುದು ಕೂಡಲೇ ತಿಳಿಯುತ್ತದೆ.

ಶ್ರುತಿ ಯಾವುದೇ ಇರಲಿ, ಸ್ವರಗಳ ಪರಸ್ಪರ ದೂರವನ್ನೇ ನಂಬಿ. ಡಿ ಶ್ರುತಿಯ ಕೊಳಲಿನಲ್ಲಿ ಕೇಳಿದ ಮಟ್ಟು ಪುಸ್ತಕದಲ್ಲಿ ಜಿ ಶ್ರುತಿಯಲ್ಲಿ ಅಚ್ಚಾಗಿರಬಹುದು.

ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ಐರಿಷ್ ಕುಣಿತದ ಮಟ್ಟುಗಳಲ್ಲಿ ಬಹುಪಾಲು ನಾಲ್ಕು ಸ್ವರಶ್ರೇಣಿಗಳಲ್ಲೇ ಇರುತ್ತವೆ. ಅವರು ಅಯೋನಿಯನ್ ಅಥವಾ ಮೇಜರ್ ಎನ್ನುವುದು ನಮ್ಮ ಶಂಕರಾಭರಣದ ಸ್ವರಗಳು, ಮಿಕ್ಸೊಲಿಡಿಯನ್ ಎಂದರೆ ಹರಿಕಾಂಭೋಜಿ, ಡೋರಿಯನ್ ಎಂದರೆ ಖರಹರಪ್ರಿಯ, ಏಯೋಲಿಯನ್ ಎಂದರೆ ನಠಭೈರವಿ. ಗಮಕದ ಮಾತಲ್ಲ, ಸ್ವರಸ್ಥಾನದ ಮಾತು ಮಾತ್ರ. ಗ್ರಹಭೇದ, ಅಂದರೆ ಅದೇ ಸ್ವರಗಳಲ್ಲಿ ಷಡ್ಜ ಬದಲಿಸಿದರೆ ರಾಗ ಬದಲಾಗುವ ಬಗೆ, ಗೊತ್ತಿದ್ದವರು ಇನ್ನೊಂದು ಬಲೆಯಿಂದಲೂ ಪಾರಾಗುತ್ತಾರೆ: ಇ ಡೋರಿಯನ್ ಮಟ್ಟಿಗೂ ಡಿ ಮೇಜರ್ ಮಟ್ಟಿಗೂ ಕಾಗದದ ಮೇಲೆ ಒಂದೇ ಎರಡು ಶಾರ್ಪ್ ಚಿಹ್ನೆಗಳಿರುತ್ತವೆ. ಚಿಹ್ನೆ ನೋಡಿ ಷಡ್ಜ ನಿರ್ಧರಿಸಬೇಡಿ, ಮಟ್ಟು ಎಲ್ಲಿ ತಂಗುತ್ತದೆ ಎಂದು ಕೇಳಿ ನಿರ್ಧರಿಸಿ.

ಇಂಟರ್ನೆಟ್ ಸಂಗ್ರಹಗಳಲ್ಲಿ ಹುಡುಕಲು ಎಬಿಸಿ ಲಿಪಿ ಬಳಕೆಯಲ್ಲಿದೆ. ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುವ ಪದ್ಧತಿ ಅದು, ದೊಡ್ಡಕ್ಷರವಾದರೆ ಕೆಳಗಿನ ಸ್ಥಾಯಿ, ಸಣ್ಣಕ್ಷರವಾದರೆ ಮೇಲಿನದು. ನಮ್ಮ ಮಟ್ಟು ಜಿ ಮೇಜರ್‌ನಲ್ಲಿದ್ದರೆ ಸ-ಗ-ಸ-ಗ ಎಂಬುದು ಜಿ-ಬಿ-ಜಿ-ಬಿ ಆಗುತ್ತದೆ.

4. ಸ್ವರ ಕೊಟ್ಟು ಹುಡುಕಿ

ಟ್ಯೂನ್‌ಪಾಲ್ ಎಂಬ ಸೇವೆಗೆ ಮಟ್ಟಿನ ತುಣುಕನ್ನು ಕೇಳಿಸಿದರೆ ಸಾವಿರಾರು ಮಟ್ಟುಗಳೊಂದಿಗೆ ಹೋಲಿಸಿ ಹತ್ತಿರದವುಗಳನ್ನು ತೋರಿಸುತ್ತದೆ. ಒಂದೇ ಕೊಳಲು ಅಥವಾ ಪಿಟೀಲು ಸ್ಪಷ್ಟವಾಗಿ ಕೇಳುತ್ತಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಗದ್ದಲದ ನಡುವಿನ ಧ್ವನಿಮುದ್ರಣವಾದರೆ ನೀವೇ ಕೊಳಲಿನಲ್ಲೋ ಪಿಟೀಲಿನಲ್ಲೋ ನಿಧಾನವಾಗಿ ನುಡಿಸಿ ಕೇಳಿಸಿ. ಫೋಕ್‌ಟ್ಯೂನ್‌ಫೈಂಡರ್‌ನಲ್ಲಿ ಸ್ವರಗಳನ್ನು ಟೈಪ್ ಮಾಡಿ ಹುಡುಕಬಹುದು. ಮೇಲೆ ಬಂದ ಮೊದಲ ಹೆಸರನ್ನೇ ಉತ್ತರವೆಂದು ಬರೆದುಕೊಳ್ಳಬೇಡಿ. ಕನಿಷ್ಠ ಎರಡೂ ಭಾಗಗಳು ಕೂಡಿಬರುತ್ತವೆಯೇ ಎಂದು ನೋಡಿ. ಮೊದಲ ಭಾಗ ಒಂದೇ ಆಗಿದ್ದು ಎರಡನೆಯದು ಪೂರ್ತಿ ಬೇರೆಯಾಗಿರುವ ಮಟ್ಟುಗಳು ಧಾರಾಳವಾಗಿವೆ.

5. ಸಿಕ್ಕ ಎಲ್ಲ ಹೆಸರುಗಳನ್ನೂ ಪಟ್ಟಿ ಮಾಡಿ

ಈಗ ಹೆಸರಿನ ಸರದಿ. ‘ದ ಸೆಷನ್’ ತಾಣದಲ್ಲಿ ಪ್ರತಿ ಮಟ್ಟಿಗೂ ಒಂದು ಪುಟವಿದ್ದು ಬೇರೆ ಬೇರೆ ಹೆಸರುಗಳು, ಪಾಠಾಂತರಗಳು, ಯಾವ ಆಲ್ಬಮ್‌ನಲ್ಲಿದೆ ಎಂಬ ವಿವರಗಳಿವೆ. ‘ಐರಿಷ್‌ಟ್ಯೂನ್’ ಎಂಬ ಇನ್ನೊಂದು ತಾಣ ಹೆಸರಿನ ಗೊಂದಲ ತಪ್ಪಿಸಲು ಪ್ರತಿ ಮಟ್ಟಿಗೂ ಒಂದು ಸಂಖ್ಯೆ ಕೊಟ್ಟಿದೆ. ‘ಟ್ರೆಡಿಷನಲ್ ಟ್ಯೂನ್ ಆರ್ಕೈವ್’ನಲ್ಲಿ ಮಟ್ಟಿನ ಹಿನ್ನೆಲೆ, ಅದು ಅಚ್ಚಾದ ಪುಸ್ತಕಗಳ ಹೆಸರು ಸಿಗುತ್ತವೆ. ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಅದನ್ನು ಯಾರು, ಯಾವಾಗ, ಎಲ್ಲಿ ಬಳಸಿದರು ಎಂದು ಬರೆಯಿರಿ. ಈ ಮೂರರಲ್ಲಿ ಒಂದೂ ಇಲ್ಲದ ಹೆಸರನ್ನು ಬೇರೆ ಪುಟದಲ್ಲಿಡಿ.

ಅತಿ ಹೆಚ್ಚು ಜನ ಎಡವುವುದು ಈ ಹಂತದಲ್ಲೇ, ಆದ್ದರಿಂದ ಸ್ವಲ್ಪ ನಿಲ್ಲೋಣ.

‘ಗನ್ ಆನಮ್’ ಎಂದು ಹಲವು ಆಲ್ಬಮ್‌ಗಳಲ್ಲಿ ಕಾಣುತ್ತದೆ. ಐರಿಷ್ ಭಾಷೆಯಲ್ಲಿ ಅದರ ಅರ್ಥ ‘ಹೆಸರಿಲ್ಲದ್ದು’ ಎಂದಷ್ಟೇ. ಅದನ್ನು ಮಟ್ಟಿನ ಹೆಸರೆಂದು ತಿಳಿದು ಹುಡುಕಿದರೆ ಸಂಬಂಧವೇ ಇಲ್ಲದ ನೂರಾರು ಮಟ್ಟುಗಳು ಎದುರಾಗುತ್ತವೆ.

ವ್ಯಕ್ತಿಯ ಹೆಸರು ಬಂದರೆ ಅವರೇ ಕರ್ತೃ ಎಂದುಕೊಳ್ಳಬೇಡಿ. ‘ಟಾಮ್ ಬಿಲ್ಲೀಸ್’ ಎಂದರೆ ಸ್ಲೀವ್ ಲೂಕ್ರದ ಪಿಟೀಲುವಾದಕ ಟಾಮ್ ಬಿಲ್ಲಿ ಮರ್ಫಿ ಅವರಿಂದ ಬಂದ ಮಟ್ಟು ಎಂದಷ್ಟೇ ಅರ್ಥ, ಹಾಗೆ ಕರೆಸಿಕೊಳ್ಳುವ ಮಟ್ಟುಗಳು ಹಲವು. ಇದಕ್ಕೆ ತದ್ವಿರುದ್ಧವಾಗಿ ಗಾಲ್ವೇ ಜಿಲ್ಲೆಯ ಪ್ಯಾಡಿ ಫಾಹಿ ನಿಜಕ್ಕೂ ಮಟ್ಟು ಕಟ್ಟಿದವರು. ಆದರೆ ತಮ್ಮ ರಚನೆಗಳಿಗೆ ಹೆಸರಿಡಲಿಲ್ಲ. ಹಾಗಾಗಿ ಅವರ ರೀಲ್, ಜಿಗ್‌ಗಳೆಲ್ಲ ‘ಪ್ಯಾಡಿ ಫಾಹೀಸ್’ ಎಂದೇ ಪ್ರಚಲಿತ. ಕೇವಲ ಹೆಸರು ನೋಡಿ ಈ ಎರಡು ಸಂದರ್ಭಗಳ ವ್ಯತ್ಯಾಸ ಹೇಳಲಾಗದು, ಪ್ರತಿ ಸಲವೂ ವಿಚಾರಿಸಿಯೇ ತಿಳಿಯಬೇಕು.

ಒಂದೇ ಹೆಸರಿನ ಕೆಳಗೆ ದೂರದ ಪಾಠಗಳು ಇರುವುದೂ ಉಂಟು. ‘ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್’ ರೀಲ್ ಸ್ಕಾಟ್ಲೆಂಡಿನದು. ಅಮೆರಿಕದ ದಕ್ಷಿಣದಲ್ಲಿ ಅದು ‘ಲೆದರ್ ಬ್ರಿಚಸ್’ ಆಯಿತು. ಸ್ಲೈಗೋ ಜಿಲ್ಲೆಯ ಮೈಕಲ್ ಕೋಲ್‌ಮನ್ ನ್ಯೂಯಾರ್ಕಿನಲ್ಲಿ ನುಡಿಸಿ ಮುದ್ರಿಸಿದ ‘ಲಾರ್ಡ್ ಮ್ಯಾಕ್‌ಡೊನಾಲ್ಡ್’ ಹಲವು ಭಾಗಗಳಾಗಿ ಬೆಳೆದ ಐರಿಷ್ ರೂಪ. ದೀಕ್ಷಿತರ ‘ಜಗದೀಶ ಗುರುಗುಹ’ ನೊಟ್ಟುಸ್ವರಕ್ಕೂ ಇದೇ ಹೆಸರಿನ ರೀಲನ್ನು ಮೂಲವೆಂದು ಹೇಳಲಾಗುತ್ತದೆ. ಯಾರಾದರೂ ಈ ಹೆಸರು ಹೇಳಿದರೆ ಯಾವ ಪಾಠ ಎಂದು ಕೇಳಲೇಬೇಕು.

6. ಧ್ವನಿಮುದ್ರಿಕೆಗಳ ಜಾಡು ಹಿಡಿಯಿರಿ

ಇಂದು ಐರ್ಲೆಂಡಿನಲ್ಲಿ ಕೇಳುವ ಎಷ್ಟೋ ಹೆಸರುಗಳು ಹಳ್ಳಿಯಿಂದ ಬಂದವಲ್ಲ, ಅಮೆರಿಕದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಲೇಬಲ್‌ನಿಂದ ಬಂದವು. ಕೋಲ್‌ಮನ್, ಜೇಮ್ಸ್ ಮಾರಿಸನ್, ಪ್ಯಾಡಿ ಕಿಲ್ಲೊರನ್ — ಸ್ಲೈಗೋದಿಂದ ನ್ಯೂಯಾರ್ಕಿಗೆ ವಲಸೆ ಹೋದ ಈ ಪಿಟೀಲುವಾದಕರ ತಟ್ಟೆಗಳು ಮರಳಿ ಊರಿಗೆ ಬಂದು ಅಲ್ಲಿನವರ ನುಡಿಸಾಣಿಕೆಯನ್ನೇ ಬದಲಿಸಿದವು. ಕೋಲ್‌ಮನ್ 1934ರಲ್ಲಿ ಒಂದರ ಹಿಂದೊಂದು ನುಡಿಸಿದ ‘ಟಾರ್ಬೋಲ್ಟನ್’, ‘ಲಾಂಗ್‌ಫರ್ಡ್ ಕಲೆಕ್ಟರ್’, ‘ಸೇಲರ್ಸ್ ಬಾನೆಟ್’ ರೀಲ್‌ಗಳನ್ನು ಇಂದಿಗೂ ಅದೇ ಕ್ರಮದಲ್ಲಿ ನುಡಿಸುತ್ತಾರೆ. ‘ಟಾರ್ಬೋಲ್ಟನ್’ ಸ್ಕಾಟ್ಲೆಂಡಿನ ಊರಿನ ಹೆಸರು ಎಂಬುದನ್ನು ಗಮನಿಸಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದವರು ನಡೆಸುವ ಅಮೆರಿಕದ ಐತಿಹಾಸಿಕ ಧ್ವನಿಮುದ್ರಣಗಳ ಸೂಚಿಯಲ್ಲಿ ವಾದಕರ ಹೆಸರು ಕೊಟ್ಟರೆ ಮುದ್ರಣದ ದಿನಾಂಕ, ಮ್ಯಾಟ್ರಿಕ್ಸ್ ಸಂಖ್ಯೆ ಸಿಗುತ್ತವೆ. ಮ್ಯಾಟ್ರಿಕ್ಸ್ ಸಂಖ್ಯೆ ಎಂದರೆ ಆ ಒಂದು ಮುದ್ರಣಕ್ಕೆ ಕಂಪನಿ ಕೊಟ್ಟ ಗುರುತು. ಒಂದೇ ಮುದ್ರಣ ಬೇರೆ ಬೇರೆ ಲೇಬಲ್‌ಗಳಲ್ಲಿ ಮರುಬಿಡುಗಡೆಯಾದಾಗ ಅದೇ ಸುಳಿವು.

7. ಅಚ್ಚಾದ ಸಂಗ್ರಹಗಳಲ್ಲಿ ಹಿಂದಕ್ಕೆ ಹೋಗಿ

ನನಗೆ ಎಲ್ಲಕ್ಕಿಂತ ಇಷ್ಟದ ಹಂತ ಇದು. ಇತ್ತೀಚಿನ ಪುಸ್ತಕದಿಂದ ಶುರುಮಾಡಿ ಹಿಂದಕ್ಕೆ ಸರಿಯುತ್ತ ಹೋಗಬೇಕು.

ಬ್ರೆಂದಾನ್ ಬ್ರ್ಯಾಹ್ನಖ್ ಅವರ ‘ಕ್ಯೋಲ್ ರಿಂಕ ನ ಹೇರನ್’ ಸಂಪುಟಗಳ ಮೊದಲನೆಯದು ಬಂದದ್ದು 1963ರಲ್ಲಿ. ಮಟ್ಟು ಯಾರು ನುಡಿಸಿದ್ದು, ಬೇರೆಡೆ ಯಾವ ಹೆಸರು ಎಂಬ ಟಿಪ್ಪಣಿಗಳು ಅದರಲ್ಲಿವೆ. ಟಿಪ್ಪಣಿಗಳು ಐರಿಷ್ ಭಾಷೆಯಲ್ಲಿರುವುದರಿಂದ ಬಹಳ ಮಂದಿ ಮಟ್ಟು ನೋಡಿ ಪುಸ್ತಕ ಮುಚ್ಚಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಅನುವಾದದ ಆ್ಯಪ್ ಹಿಡಿದಾದರೂ ಓದಿ, ಚಿನ್ನ ಇರುವುದು ಅಲ್ಲೇ.

ಅದಕ್ಕೂ ಹಿಂದೆ ಫ್ರಾನ್ಸಿಸ್ ಓನೀಲ್. ಕಾರ್ಕ್ ಜಿಲ್ಲೆಯಲ್ಲಿ 1848ರಲ್ಲಿ ಹುಟ್ಟಿ ಶಿಕಾಗೋದ ಪೊಲೀಸ್ ಮುಖ್ಯಸ್ಥರಾದ ಓನೀಲ್ ಅಲ್ಲಿನ ವಲಸಿಗ ವಾದಕರಿಂದ ಮಟ್ಟು ಕಲೆಹಾಕಿದರು. ಅವರ 1903ರ ಪುಸ್ತಕದಲ್ಲಿ 1850 ಮಟ್ಟುಗಳಿವೆ, 1907ರದರಲ್ಲಿ 1001 ಕುಣಿತದ ಮಟ್ಟುಗಳಿವೆ. ಎರಡನೆಯದನ್ನು ವಾದಕರು ‘ಪುಸ್ತಕ’ ಎಂದಷ್ಟೇ ಕರೆಯುವಷ್ಟು ಅದು ಮನೆಮಾತು. ಇಲ್ಲಿ ಎರಡು ಎಚ್ಚರಿಕೆ. ಓನೀಲ್ ಕೊಟ್ಟ ಹೆಸರು ಶಿಕಾಗೋದಲ್ಲಿ ಅವರಿಗೆ ಸಿಕ್ಕ ಹೆಸರು, ಊರಿನ ಹೆಸರು ಬೇರೆ ಇದ್ದಿರಬಹುದು. ಇಂಗ್ಲಿಷ್ ಹೆಸರಿನ ಪಕ್ಕ ಐರಿಷ್ ಭಾಷೆಯ ಹೆಸರೂ ಇದೆಯೆಂದು ಐರಿಷ್ ಹೆಸರೇ ಹಳೆಯದು ಎಂದು ತೀರ್ಮಾನಿಸಲೂ ಬಾರದು.

19ನೇ ಶತಮಾನಕ್ಕೆ ಮೂರು ಕೈದೀವಿಗೆಗಳಿವೆ. ಜಾರ್ಜ್ ಪೆಟ್ರಿ ಕಲೆಹಾಕಿದ ಮಟ್ಟುಗಳು ಅವರ ನಿಧನಾನಂತರ ಸಂಗೀತ ರಚನಕಾರ ಸ್ಟ್ಯಾನ್‌ಫರ್ಡ್ ಅವರ ಸಂಪಾದನೆಯಲ್ಲಿ 1902–05ರ ನಡುವೆ ಪ್ರಕಟವಾದವು. ಪಿ. ಡಬ್ಲ್ಯೂ. ಜಾಯ್ಸ್ ಅವರ 1909ರ ಸಂಗ್ರಹದಲ್ಲಿ 842 ಮಟ್ಟುಗಳಿವೆ. ಕೆರಿ ಮೂಲದ ಪಾದ್ರಿ, ಸ್ವತಃ ಪೈಪ್ (ತಿದಿಯ ಗಾಳಿವಾದ್ಯ) ನುಡಿಸುತ್ತಿದ್ದ ಜೇಮ್ಸ್ ಗುಡ್‌ಮನ್ 1860ರ ದಶಕದಲ್ಲಿ ಬರೆದಿಟ್ಟ ಹಸ್ತಪ್ರತಿಗಳು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿವೆ. ಪ್ರಕಟಣೆಯ ವರ್ಷ ಬೇರೆ, ಮಟ್ಟು ಬರೆದುಕೊಂಡ ವರ್ಷ ಬೇರೆ: ಪೆಟ್ರಿ ತೀರಿಕೊಂಡದ್ದೇ 1866ರಲ್ಲಿ. ಎರಡೂ ದಿನಾಂಕಗಳನ್ನು ಬರೆದುಕೊಳ್ಳಿ.

ಇನ್ನೂ ಹಿಂದಕ್ಕೆ ಹೋಗಲು ಕಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಅಲಾಯ್ಸ್ ಫ್ಲೈಶ್‌ಮನ್ ಅವರ ಬೃಹತ್ ಸೂಚಿ ಇದೆ. 1600ರ ಸುಮಾರಿನಿಂದ 1855ರವರೆಗಿನ ಅಚ್ಚು ಮತ್ತು ಹಸ್ತಪ್ರತಿಗಳ ಐರಿಷ್ ಮಟ್ಟುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಎರಡು ಸಂಪುಟಗಳು ಅವರ ನಿಧನದ ನಂತರ 1998ರಲ್ಲಿ ಬಂದವು. ಮೂರನೆಯ ಹಂತದಲ್ಲಿ ಬರೆದುಕೊಂಡ ಸ್ವರಗಳು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ.

ಇವನ್ನೆಲ್ಲ ಕೊಳ್ಳಬೇಕಿಲ್ಲ. ಡಬ್ಲಿನ್‌ನ ಮೆರಿಯನ್ ಚೌಕದಲ್ಲಿರುವ, 1987ರಲ್ಲಿ ಸ್ಥಾಪನೆಯಾದ ಐರಿಷ್ ಸಾಂಪ್ರದಾಯಿಕ ಸಂಗೀತ ಸಂಗ್ರಹಾಲಯ ಅನೇಕ ಹಳೆಯ ಸಂಗ್ರಹಗಳನ್ನು ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಬೆಂಗಳೂರಿನಲ್ಲಿ ಕುಳಿತೇ ಓದಬಹುದು.

8. ದಿನಾಂಕಗಳನ್ನು ಒಂದಕ್ಕೊಂದು ತಾಳೆ ಹಾಕಿ

‘ರೇಕ್ಸ್ ಆಫ್ ಮ್ಯಾಲೋ’ಗೆ ಹಿಂತಿರುಗೋಣ. ಇಂದು ಹಲವೆಡೆ ಅದರ ಬಗೆ ‘ಪೋಲ್ಕಾ’ ಎಂದಿದೆ. ಲಂಡನ್ನಿನಲ್ಲಿ 1740ರ ದಶಕದಲ್ಲಿ ಅಚ್ಚಾದ ಬರ್ಕ್ ಥುಮೊತ್ ಅವರ ಐರಿಷ್ ಮಟ್ಟುಗಳ ಸಂಗ್ರಹದಲ್ಲಿ ಅದೇ ಹೆಸರಿನಲ್ಲಿ ಮಟ್ಟು ಸಿಗುತ್ತದೆ. ಪೋಲ್ಕಾ ಎಂಬ ಕುಣಿತ ಬೊಹೀಮಿಯಾದಿಂದ ಹೊರಟು ಪ್ಯಾರಿಸ್, ಲಂಡನ್ನುಗಳಲ್ಲಿ ಹುಚ್ಚೆಬ್ಬಿಸಿದ್ದು 1840ರ ದಶಕದಲ್ಲಿ. ಅಂದರೆ ಮಟ್ಟು ಪೋಲ್ಕಾಕ್ಕಿಂತ ಸುಮಾರು ನೂರು ವರ್ಷ ಹಳೆಯದು. ಪೋಲ್ಕಾ ಆಗಿದ್ದು ಅದರ ಎರಡನೆಯ ಜನ್ಮ.

ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ. ಹಾಗಾದರೆ ಅವರ ಕಿವಿಗೆ ಬಿದ್ದದ್ದು ಪೋಲ್ಕಾ ಆಗಿರಲು ಸಾಧ್ಯವಿಲ್ಲ. ಮದರಾಸಿನ ಬ್ರಿಟಿಷ್ ವಾದ್ಯವೃಂದಗಳನ್ನು ಕೇಳಿ ಅವರು ನೊಟ್ಟುಸ್ವರ ರಚಿಸಿದರೆಂದು ಸಂಪ್ರದಾಯ ಹೇಳುತ್ತದೆ. ಈ ಮಟ್ಟು ಮಾರ್ಚ್ ಆಗಿಯೂ ನಡೆಯುತ್ತದೆ ಎಂಬುದರ ಜೊತೆ ಅದು ಚೆನ್ನಾಗಿ ಹೊಂದುತ್ತದೆ. ಹೊಂದುತ್ತದೆ ಎಂಬುದು ಸಾಕ್ಷ್ಯವಲ್ಲ. ನೋಟ್‌ಬುಕ್ಕಿನಲ್ಲಿ ‘ಸಂಪ್ರದಾಯದ ಪ್ರಕಾರ’ ಎಂದೇ ಬರೆಯಿರಿ.

ಇನ್ನೊಂದು ಎಚ್ಚರಿಕೆ: 1740ರ ದಶಕದಲ್ಲಿ ಅಚ್ಚಾಗಿದೆ ಎಂದರೆ ಆಗ ಹುಟ್ಟಿತು ಎಂದಲ್ಲ, ಅಷ್ಟು ಹೊತ್ತಿಗೆ ಇತ್ತು ಎಂದು ಮಾತ್ರ. ‘ಮೊದಲು ಅಚ್ಚಾದ ವರ್ಷ’ವನ್ನು ‘ರಚನೆಯ ವರ್ಷ’ ಎಂದು ಬರೆಯುವ ತಪ್ಪು ಎಲ್ಲ ಕಡೆಯೂ ಹರಡಿಕೊಂಡಿದೆ.

9. ಐರ್ಲೆಂಡಿನ ಆಚೆಗೂ ನೋಡಿ

ಐರಿಷ್ ರೀಲ್‌ಗಳಲ್ಲಿ ಗಣನೀಯ ಪಾಲು ಸ್ಕಾಟ್ಲೆಂಡಿನಿಂದ ಬಂದಿದೆ. ಇದನ್ನು ಒಪ್ಪಲು ಹಿಂಜರಿಯುವವರಿದ್ದಾರೆ, ಕಾಗದಪತ್ರ ಮಾತ್ರ ಹಿಂಜರಿಯುವುದಿಲ್ಲ. ಐರ್ಲೆಂಡಿನ ಎಲ್ಲರಿಗೂ ಗೊತ್ತಿರುವ ‘ಮಿಸ್ ಮ್ಯಾಕ್ಲೌಡ್ಸ್’ ರೀಲ್ ಸ್ಕಾಟ್ಲೆಂಡಿನ ಪಿಟೀಲುವಾದಕ ನೀಲ್ ಗೌ ಮನೆತನದವರ 1809ರ ಐದನೆಯ ಸಂಗ್ರಹದಲ್ಲಿ ಸ್ಕೈ ದ್ವೀಪದ ರೀಲ್ ಎಂಬ ಟಿಪ್ಪಣಿಯೊಂದಿಗೆ ಇದೆ. ‘ರೇಕಿಷ್ ಪ್ಯಾಡಿ’ ಸ್ಕಾಟ್ಲೆಂಡಿನ ‘ಕಾಬರ್ ಫೇ’ಯ ಸಂಬಂಧಿ. ‘ಫೇರಿ ರೀಲ್’ ಎಂದು ಕಲಿಸುವ ಮಟ್ಟು ನಥಾನಿಯಲ್ ಗೌ 1802ರಲ್ಲಿ ಫೈಫ್ ಹಂಟ್ ಕೂಟದ ಕುಣಿತಕ್ಕೆಂದು ಕಟ್ಟಿದ್ದು. ಇಂಗ್ಲೆಂಡಿನ ರಂಗಭೂಮಿಯೂ ಪಾಲುದಾರ: ‘ಹೇಸ್ಟ್ ಟು ದ ವೆಡ್ಡಿಂಗ್’ ಜಿಗ್ 1767ರಲ್ಲಿ ಲಂಡನ್ನಿನ ಒಂದು ಪ್ಯಾಂಟೊಮೈಮ್ (ಹಾಡು, ಹಾಸ್ಯದ ನಾಟಕ) ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅಮೆರಿಕದ ಕಡೆಗೆ ಬಾಸ್ಟನ್‌ನಲ್ಲಿ 1883ರಲ್ಲಿ ಬಂದ ರಯನ್ ಅವರ ದೊಡ್ಡ ಸಂಗ್ರಹ ನೋಡಿ.

ಮೂಲ ಹೊರಗಿನದೆಂದು ತಿಳಿದರೆ ಮಟ್ಟಿನ ಐರಿಷ್‌ತನ ಕಡಿಮೆಯಾಗುವುದಿಲ್ಲ. ಇನ್ನೂರು ವರ್ಷ ಐರಿಷ್ ಕೈಗಳಲ್ಲಿ ಸವೆದು ಬಂದ ಪಾಠ ಅಲ್ಲಿಯದೇ. ಎರಡನ್ನೂ ಬರೆಯಿರಿ.

10. ಕರ್ತೃ ನಮ್ಮ ಕಾಲದವರೇ, ಅಲ್ಲವೇ ಎಂದು ಖಚಿತಪಡಿಸಿಕೊಳ್ಳಿ

ಆಲ್ಬಮ್‌ನ ಹಿಂದೆ ‘ಸಾಂಪ್ರದಾಯಿಕ’ ಎಂದಿದ್ದ ಮಾತ್ರಕ್ಕೆ ಮಟ್ಟು ಹಳೆಯದಾಗುವುದಿಲ್ಲ. ಕ್ಯಾವನ್ ಜಿಲ್ಲೆಯಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಪ್ಲಂಬರ್ ಕೆಲಸ ಮಾಡುತ್ತ ಬಾಳಿದ ಎಡ್ ರೀವಿ 1988ರಲ್ಲಿ ತೀರಿಕೊಂಡರು. ಅವರು ಕಟ್ಟಿದ ‘ದ ಹಂಟರ್ಸ್ ಹೌಸ್’ನಂತಹ ರೀಲ್‌ಗಳನ್ನು ಅಜ್ಞಾತರ ರಚನೆ ಎಂದುಕೊಂಡು ನುಡಿಸುವವರು ಬಹಳ. ಐರಿಷ್ ತಂಡಗಳು ರೀಲಿನಂತೆ ನುಡಿಸುವ ‘ಮ್ಯೂಸಿಕ್ ಫಾರ್ ಎ ಫೌಂಡ್ ಹಾರ್ಮೋನಿಯಂ’ ಇಂಗ್ಲೆಂಡಿನ ಸೈಮನ್ ಜೆಫ್ಸ್ 1980ರ ದಶಕದಲ್ಲಿ ಕಟ್ಟಿದ್ದು. ಕರ್ತೃ ಗೊತ್ತಾದರೆ ಹೆಸರು ಹಾಕಿ. ವೇದಿಕೆಯಲ್ಲಿ ನುಡಿಸುವುದಾದರೆ, ಯೂಟ್ಯೂಬ್‌ಗೆ ಹಾಕುವುದಾದರೆ, ಮಟ್ಟಿನ ಹಕ್ಕುಗಳನ್ನು ಐರ್ಲೆಂಡಿನ ಸಂಗೀತ ಹಕ್ಕುಗಳ ಸಂಸ್ಥೆಯಾದ ಇಮ್ರೋದಲ್ಲಿ ವಿಚಾರಿಸಿ.

ಕೊನೆಗೆ ದಾಖಲೆ ಬರೆಯುವ ಕ್ರಮ. ‘ರೇಕ್ಸ್ ಆಫ್ ಮ್ಯಾಲೋ’ಗೆ ಹೀಗೆ ಬರೆಯಬಹುದು: “ಆರಂಭ ಸ-ಗ-ಸ-ಗ, ನಿ-ರಿ-ನಿ-ರಿ, ಶಂಕರಾಭರಣದ ಸ್ವರಗಳು. ಈಗ ಪೋಲ್ಕಾ, ರೀಲ್, ಮಾರ್ಚ್ ರೂಪಗಳಲ್ಲಿ. ಕರ್ತೃ ಅಜ್ಞಾತ. ಥುಮೊತ್ ಸಂಗ್ರಹದಲ್ಲಿ ಇದೇ ಹೆಸರಿನಲ್ಲಿ, ಲಂಡನ್, 1740ರ ದಶಕ. ದೀಕ್ಷಿತರ ‘ವಂದೇ ಮೀನಾಕ್ಷಿ’ಯಲ್ಲಿ ಬಳಕೆ, 1835ಕ್ಕೆ ಮೊದಲು, ವಾದ್ಯವೃಂದದಿಂದ ಕೇಳಿದ್ದು ಸಂಪ್ರದಾಯದ ಪ್ರಕಾರ.” ಇದರ ಕೆಳಗೆ ನೀವು ಯಾರಿಂದ, ಯಾವ ಊರಿನಲ್ಲಿ, ಯಾವ ದಿನ ಕೇಳಿದಿರಿ ಎಂಬುದನ್ನೂ ಸೇರಿಸಿ, ಅವರು ಹೇಳಿದ ಹೆಸರನ್ನು ತಿದ್ದದೆ ಹಾಗೆಯೇ ಇಡಿ.